ರಾಜ್ಯಗಳ ರಾಜಧಾನಿ: ಗಡಿ ಗ್ರಾಮಗಳ ಮಕ್ಕಳಿಗೆ ಪ್ರದೇಶವಾರು ಪಾಠ



ಶಾಲೆಯ ಗೋಡೆಯ ಮೇಲೆ ಭಾರತದ ನಕ್ಷೆ ಬರೆಯಿಸುವುದು ಹಲವು ಪಂಚಾಯಿತಿಗಳಲ್ಲಿ ನಡೆದುಬಂದ ಕಾರ್ಯ. ಆದರೆ ಮಕ್ಕಳು ಕಲಿಯುತ್ತಿರುವುದು ನಕ್ಷೆಯನ್ನಲ್ಲ, ಪಟ್ಟಿಯನ್ನು. ದಿಸ್ಪುರ ಎಂದು ಥಟ್ಟನೆ ಹೇಳುವ ಮಗು ಅದು ಯಾವ ದಿಕ್ಕಿನಲ್ಲಿದೆ ಎಂದರೆ ಸುಮ್ಮನಾಗುತ್ತದೆ. ರಾಜಧಾನಿಗಳನ್ನು ಪ್ರದೇಶವಾರು ಕಲಿಸುವುದು ಇದಕ್ಕೆ ಪರಿಹಾರ. ನಮ್ಮ ಜಿಲ್ಲೆಯಲ್ಲಿ ಆ ಪಾಠವು ಗಡಿಯಿಂದಲೇ ಆರಂಭವಾಗಬೇಕು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ವಿಂಗಡಣೆಯಾದಾಗ ಬೀದರ್ ಜಿಲ್ಲೆಯೇ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್ ಸೇರಿದಂತೆ ಇಂದಿನ ಜಿಲ್ಲೆಯ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೂ ಹೋದವು. ಹೀಗಾಗಿ ಔರಾದಿನ ಮಗುವಿನ ಸೋದರಮಾವನ ಮನೆ ದೇಗಲೂರಿನಲ್ಲಿದ್ದರೆ ಆ ಮನೆಯವರ ರಾಜಧಾನಿ ಮುಂಬಯಿ. ಅತ್ತೆಯ ಮನೆ ನಾರಾಯಣಖೇಡದಲ್ಲಿದ್ದರೆ ಹೈದರಾಬಾದ್. ಮೊದಲ ಮೂರು ರಾಜಧಾನಿಗಳು ನೆಂಟಸ್ತಿಕೆಯಲ್ಲೇ ಸಿಕ್ಕವು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿ.ಮೀ., ಬೆಂಗಳೂರಿಗೆ ಸುಮಾರು 700 ಕಿ.ಮೀ. ಚಿಕಿತ್ಸೆಗೂ ಬಟ್ಟೆಬರೆಗೂ ಹೈದರಾಬಾದನ್ನೇ ಕಂಡ ಮಗು ಅದನ್ನೇ ನಮ್ಮ ರಾಜಧಾನಿ ಎಂದು ಬಗೆದರೆ ಆಶ್ಚರ್ಯವಿಲ್ಲ. ರಾಜಧಾನಿ ಎಂದರೆ ಹತ್ತಿರದ ದೊಡ್ಡ ಊರಲ್ಲ, ನಮ್ಮನ್ನು ಆಳುವ ಸರ್ಕಾರ ಇರುವ ಊರು ಎಂಬುದನ್ನು ಮೊದಲು ತಿಳಿಸಬೇಕು. ಬಹಮನಿ ಅರಸರಿಗೆ ಬೀದರೇ ರಾಜಧಾನಿಯಾಗಿತ್ತೆಂದು ಕೋಟೆಯನ್ನು ತೋರಿಸಿ ಹೇಳಿದರೆ ಮಾತು ಮನಸ್ಸಿಗೆ ನಾಟುತ್ತದೆ.

ನಂತರ ದಕ್ಷಿಣದ ಚೆನ್ನೈ, ತಿರುವನಂತಪುರ, ಅಮರಾವತಿ. ಪಶ್ಚಿಮದ ಪಣಜಿ, ಗಾಂಧಿನಗರ. ಗುಜರಾತಿಗೆ ಅಹಮದಾಬಾದ್ ಎನ್ನುವವರು ದೊಡ್ಡವರಲ್ಲೂ ಇದ್ದಾರೆ. ಉತ್ತರದಲ್ಲಿ ಚಂಡೀಗಢ ಒಂದೇ ನಗರ ಪಂಜಾಬ್, ಹರಿಯಾಣ ಎರಡಕ್ಕೂ ರಾಜಧಾನಿ. ಮಧ್ಯ ಮತ್ತು ಪೂರ್ವ ಭಾರತ ಬೇಗ ಮುಗಿಯುತ್ತವೆ. ಸಿಕ್ಕಿಂ ಸೇರಿ ಎಂಟು ರಾಜ್ಯಗಳಿರುವ ಈಶಾನ್ಯಕ್ಕೆ ಒಂದು ವಾರವನ್ನೇ ಮೀಸಲಿಡುವುದು ಒಳಿತು.

ಗೋಡೆಯ ಹಳೆಯ ನಕ್ಷೆಗಳನ್ನು ಪರಿಶೀಲಿಸುವುದು ಸದಸ್ಯರ ಪಾಲಿನ ಕೆಲಸ. 2014ರ ಜೂನ್ 2ಕ್ಕೆ ಮೊದಲು ಬರೆದುದರಲ್ಲಿ ನೆರೆಯ ತೆಲಂಗಾಣವೇ ಇರುವುದಿಲ್ಲ. 2019ರ ಅಕ್ಟೋಬರ್ 31ಕ್ಕೆ ಮೊದಲಿನದರಲ್ಲಿ ಜಮ್ಮು ಮತ್ತು ಕಾಶ್ಮೀರ ಇನ್ನೂ ರಾಜ್ಯ. ಈಗಿರುವುದು 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ. ಹೈದರಾಬಾದ್ ಆಂಧ್ರಕ್ಕೂ ಜಂಟಿ ರಾಜಧಾನಿಯಾಗಿದ್ದ ಅವಧಿ 2024ರ ಜೂನ್ 2ಕ್ಕೆ ಮುಗಿದಿದೆ. ಬಣ್ಣದ ಬಿಲ್ಲಿಗೆ ಸಹಿ ಹಾಕುವ ಮುನ್ನ ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಯೊಂದಿಗೆ ತಾಳೆ ನೋಡಿರಿ.

ಹೊಸದಾಗಿ ಬರೆಯಿಸುವುದಾದರೆ, ಶಾಲೆಯಲ್ಲಾಗಲಿ ಅರಿವು ಕೇಂದ್ರದಲ್ಲಾಗಲಿ, ಗಡಿರೇಖೆಗಳನ್ನು ಮಾತ್ರ ಬರೆಯಿಸಿ, ಊರುಗಳ ಹೆಸರನ್ನು ಮಕ್ಕಳೇ ಸೀಮೆಸುಣ್ಣದಿಂದ ತುಂಬಲಿ. ಮಗುವಿನ ಕೈಗೆ ಎಟುಕುವ ಎತ್ತರ ಸಾಕು. ಸಾಧ್ಯವಿದ್ದರೆ ಕೊಠಡಿಯ ಉತ್ತರದ ಗೋಡೆಯನ್ನೇ ಆರಿಸಿರಿ. ಆಗ ನಕ್ಷೆಗೆ ಮುಖಮಾಡಿ ನಿಂತ ಮಗುವಿನ ಬಲಗೈ ನಿಜವಾಗಿಯೂ ತೆಲಂಗಾಣದ ಕಡೆಗೆ, ಎಡಗೈ ಮಹಾರಾಷ್ಟ್ರದ ಕಡೆಗೆ ಇರುತ್ತದೆ.