ಮಕ್ಕಳ ತರಗತಿಗೆ ಆಫ್ಘನ್ ಮಗು ಬಂದಾಗ

ಅಮೆರಿಕದ ಫ್ರೀಮಾಂಟ್, ಸ್ಯಾಕ್ರಮೆಂಟೊ, ಹ್ಯೂಸ್ಟನ್, ಡಲ್ಲಾಸ್, ಉತ್ತರ ವರ್ಜೀನಿಯಾ. ನಮ್ಮ ಕನ್ನಡ ಸಂಸಾರಗಳಿರುವ ಈ ಊರುಗಳಲ್ಲೇ ಆಫ್ಘಾನಿಸ್ತಾನದಿಂದ ಬಂದ ಕುಟುಂಬಗಳೂ ಹೆಚ್ಚಾಗಿ ನೆಲೆಸಿವೆ. 'ಮಗಳ ಕ್ಲಾಸಿಗೆ ಆಫ್ಘನ್ ಹುಡುಗಿ ಸೇರಿದ್ದಾಳೆ, ಅವಳ ಜೊತೆ ಹೇಗಿರಬೇಕು ಅಂತ ಹೇಳಿಕೊಡೋಣ?' ಎಂದು ಕೇಳುವ ತಂದೆತಾಯಂದಿರಿಗೆ ಈ ಮಾತು. ಬಂದವರು ಯಾರೆಂದು ತಿಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾಯಿತು. ಆಗ ನಡೆದ ತೆರವು ಕಾರ್ಯಾಚರಣೆಯಲ್ಲಿ ಅಮೆರಿಕಕ್ಕೆ ಬಂದವರು 76,000ಕ್ಕೂ ಹೆಚ್ಚು ಮಂದಿ. ಅವರಲ್ಲಿ ಶೇ. 40ರಷ್ಟು ಮಕ್ಕಳೇ. ವಿಮಾನ ಹತ್ತುವ ನೂಕುನುಗ್ಗಲಿನಲ್ಲಿ ಅಪ್ಪಅಮ್ಮನಿಂದ ಬೇರ್ಪಟ್ಟು ಒಂಟಿಯಾಗಿ ಬಂದಿಳಿದ ಮಕ್ಕಳೂ ಇದ್ದರು. ಹಲವರು ಮೊದಲ ವಾರಗಳನ್ನು, ಕೆಲವರು ತಿಂಗಳುಗಳನ್ನೇ, ಸೇನಾ ನೆಲೆಗಳಲ್ಲಿ ಕಳೆದರು. ಆದ್ದರಿಂದ 'ನೀನು ಹೇಗೆ ತಪ್ಪಿಸಿಕೊಂಡು ಬಂದೆ?' ಎಂದು ಮಕ್ಕಳು ಕೇಳದಿರಲಿ. ಆ ಮಗು ತಾನಾಗಿ ಹೇಳಿದರೆ ಕೇಳಿಸಿಕೊಂಡರೆ ಸಾಕು.

ಇವರೆಲ್ಲ ಒಂದೇ ಬಗೆಯವರಲ್ಲ. ಪಶ್ತೂನ್, ತಾಜಿಕ್, ಹಜಾರಾ, ಉಜ್ಬೆಕ್ ಹೀಗೆ ಹಲವು ಜನಾಂಗ. ದರಿ, ಪಶ್ತೊ ಮೊದಲಾದ ಹಲವು ಭಾಷೆ. ಅಮೆರಿಕದ ಸೇನೆಗೆ ದುಭಾಷಿಯಾಗಿದ್ದ ಅಪ್ಪ ಸಲೀಸಾಗಿ ಇಂಗ್ಲಿಷ್ ಮಾತಾಡಬಹುದು, ಅದೇ ಮನೆಯ ಅಮ್ಮ ಶಾಲೆಯ ಮೆಟ್ಟಿಲನ್ನೇ ಹತ್ತದಿರಬಹುದು. ಇನ್ನೊಂದು ಮನೆಯಲ್ಲಿ ಅಮ್ಮನೇ ಕಾಬೂಲಿನಲ್ಲಿ ಪಾಠ ಹೇಳುತ್ತಿದ್ದವರು. ಮನೆತುಂಬ ಮಕ್ಕಳಿರುವುದು ಸಾಮಾನ್ಯ. ಇಂಗ್ಲಿಷನ್ನು ಮೊದಲು ಕಲಿತ ದೊಡ್ಡ ಮಗುವಿನ ಹೆಗಲಿಗೆ ಆಸ್ಪತ್ರೆಯ, ಶಾಲೆಯ ಮಾತುಕತೆಯೆಲ್ಲ ಬೀಳುತ್ತದೆ. ಇದು ನನಗೆ ತುಂಬ ಕಳವಳ ತರುವ ಸಂಗತಿ. ತಾಯಿಯ ಕಾಯಿಲೆಯನ್ನು ವೈದ್ಯರಿಗೆ ವಿವರಿಸುವುದು ಹತ್ತು ವರ್ಷದ ಮಗುವಿನ ಕೆಲಸವಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ಶುಲ್ಕವಿಲ್ಲದೆ ದುಭಾಷಿಯನ್ನು ಕೇಳಿ ಪಡೆಯಬಹುದು ಎಂಬುದನ್ನು ಆ ಮನೆಯವರಿಗೆ ನೀವು ತಿಳಿಸಿದರೆ ದೊಡ್ಡ ಉಪಕಾರ.

ಶಾಲೆಯ ದಾಖಲೆಯಲ್ಲಿ ಕೆಲವು ವಿಚಿತ್ರಗಳು ಕಾಣಬಹುದು. ಅಕ್ಕ, ತಮ್ಮ, ಅಪ್ಪ ಎಲ್ಲರ ಹುಟ್ಟಿದ ದಿನವೂ ಜನವರಿ 1 ಎಂದಿರುತ್ತದೆ. ಹಳ್ಳಿಗಾಡಿನಲ್ಲಿ ಜನನ ನೋಂದಣಿ ಇಲ್ಲದೆ, ವರ್ಷ ಮಾತ್ರ ಗೊತ್ತಿದ್ದಾಗ ಹೀಗೆ ಬರೆದುಕೊಳ್ಳುತ್ತಾರೆ. ಒಂದೇ ಹೆಸರಿರುವವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂಬ ಅಕ್ಷರಗಳು ಬರುತ್ತವೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿಲ್ಲದ ನಮ್ಮವರಿಗೂ ಈ ಪಾಡು ಹೊಸದಲ್ಲ. ಮಕ್ಕಳು ಇದನ್ನು ಹಿಡಿದು ಚುಡಾಯಿಸದಂತೆ ನೋಡಿಕೊಳ್ಳಿ; ಮನೆಯವರು ಕರೆಯುವ ಹೆಸರನ್ನು ಕೇಳಿ ಅದರಿಂದಲೇ ಕರೆಯಲಿ.

ಓದಿನಲ್ಲಿ ಹಿಂದಿದ್ದರೆ ಅದು ದಡ್ಡತನವಲ್ಲ. 2021ರ ಸೆಪ್ಟೆಂಬರಿನಿಂದ ಆಫ್ಘಾನಿಸ್ತಾನದಲ್ಲಿ ಆರನೇ ತರಗತಿಯ ಮೇಲೆ ಹೆಣ್ಣುಮಕ್ಕಳಿಗೆ ಶಾಲೆಯಿಲ್ಲ. ತಡವಾಗಿ ಹೊರಟುಬಂದ ಹುಡುಗಿಗೆ ವರ್ಷಗಳ ಪಾಠವೇ ತಪ್ಪಿಹೋಗಿರುತ್ತದೆ.

ನಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ. ಪಾಕಿಸ್ತಾನದಲ್ಲಿ ಕೆಲಕಾಲ ಇದ್ದು ಬಂದವರಿಗೆ ಉರ್ದು ಗೊತ್ತಿರಬಹುದು. ಹಿಂದಿ ಸಿನಿಮಾ ನೋಡಿ ಬೆಳೆದವರಿಗೆ ಹಿಂದಿ ಅಷ್ಟಿಷ್ಟು ತಿಳಿಯುತ್ತದೆ. ಹಿಂದಿ ಬರುವ ನಿಮ್ಮ ಮಗು ಮೊದಲ ದಿನವೇ ಮಾತಿಗಿಳಿಯಬಹುದು. ಕ್ರಿಕೆಟ್ಟಿದ್ದರೆ ಮಾತೂ ಬೇಕಾಗಿಲ್ಲ. ಆಫ್ಘನ್ ಆಟಗಾರ ರಶೀದ್ ಖಾನ್ ಹೆಸರು ಎರಡೂ ಮನೆಗಳಲ್ಲಿ ನಡೆಯುತ್ತದೆ.

ಹುಟ್ಟುಹಬ್ಬಕ್ಕೆ ಕರೆಯುವಾಗ ಆ ಮಗುವೊಂದನ್ನೇ ಕರೆಯಬೇಡಿ, ತಾಯಿಯನ್ನೂ ತಮ್ಮತಂಗಿಯರನ್ನೂ ಕರೆಯಿರಿ. ಹಲಾಲ್ ಅಲ್ಲದ ಮಾಂಸವನ್ನು ಅವರು ಸಾಮಾನ್ಯವಾಗಿ ತಿನ್ನುವುದಿಲ್ಲ, ನಮ್ಮ ಸಸ್ಯಾಹಾರಕ್ಕೆ ತೊಂದರೆಯಿಲ್ಲ. ಕೇಕ್, ಜೆಲ್ಲಿಗಳಲ್ಲಿ ಮಾತ್ರ ಪ್ರಾಣಿಮೂಲದ ಜೆಲಟಿನ್ ಇದೆಯೇ ಎಂದು ನೋಡಿ ತನ್ನಿ.