ಮಣ್ಣಿನಿಂದ ವಿಷ ಬಿಡಿಸುವ ಕುಕ್ಕರ್

ಗೊಣ್ಣೆಹುಳಕ್ಕೆ, ಗೆದ್ದಲಿಗೆ ಅಂತ ಬಿ.ಎಚ್.ಸಿ. ಪುಡಿ ಉದುರಿಸದ ಹೊಲ ನಮ್ಮ ಕಡೆ ಕಡಿಮೆ. 1997ರಲ್ಲಿ ಅದರ ನಿಷೇಧವಾಯ್ತು. ಅಂಗಡಿಯಿಂದ ಹೋಯ್ತು ಸರಿ, ಮಣ್ಣಿನಿಂದ? ಈ ಜಾತಿಯ ವಿಷ ನೀರಿನಲ್ಲಿ ಕರಗೋದು ತೀರಾ ಕಡಿಮೆ. ಮಣ್ಣಿನ ಸಾವಯವ ಅಂಶಕ್ಕೆ ಅಂಟಿ ಕೂತುಬಿಡ್ತದೆ. ಪ್ರಯೋಗಶಾಲೆಯ ಯಂತ್ರ ಎಷ್ಟೇ ಚುರುಕಿದ್ರೂ, ಮಣ್ಣಿನಿಂದ ಬಿಡಿಸಿ ಕೊಟ್ಟದ್ದನ್ನಷ್ಟೇ ಎಣಿಸೀತು. ಬಿಡದೆ ಉಳಿದದ್ದು ವರದಿಯಲ್ಲಿ ಕಾಣೋದಿಲ್ಲ.

ಬಿಡಿಸೋ ಹಳೇ ಸಾಧನ ಸಾಕ್ಸ್‌ಲೆಟ್, 1879ರದ್ದು. ದ್ರಾವಕ ಕುದಿದು, ಆವಿ ತಣಿದು, ಮಾದರಿಯ ಮೇಲೆ ತೊಟ್ಟಿಕ್ಕುತ್ತಾ ಇರಬೇಕು. 10 ಗ್ರಾಂ ಮಣ್ಣಿಗೆ 16ರಿಂದ 24 ತಾಸು, 300 ಮಿ.ಲೀ. ದ್ರಾವಕ.

1995ರಲ್ಲಿ ಅಮೆರಿಕದ ಡಯೋನೆಕ್ಸ್ ಕಂಪೆನಿ ಬೇರೆ ದಾರಿ ತಂದಿತು. ನಮ್ಮ ಕುಕ್ಕರ್ ನೆನಪಿಸಿಕೊಳ್ಳಿ. ಬೇಳೆ ಬೇಗ ಬೇಯೋದು ಒತ್ತಡದಿಂದಲ್ಲ, 120 ಡಿಗ್ರಿ ಬಿಸಿಯಿಂದ. ಅಷ್ಟು ಬಿಸಿಯಲ್ಲೂ ನೀರನ್ನು ನೀರಾಗೇ ಹಿಡಿದಿಡೋದು ಒತ್ತಡ. ಇಲ್ಲೂ ಹಾಗೇ. ಅಸಿಟೋನ್ 56 ಡಿಗ್ರಿಗೇ ಕುದೀತದೆ. ಒತ್ತಡ ಕೊಟ್ಟರೆ 100 ಡಿಗ್ರಿಯಲ್ಲೂ ದ್ರವವಾಗೇ ಇರ್ತದೆ. ಬಿಸಿ ದ್ರವ ತೆಳುವಾಗಿ ಮಣ್ಣಿನ ಸಂದುಗೊಂದಿಗೆ ಇಳೀತದೆ, ಅಂಟು ಸಡಿಲಿಸ್ತದೆ, ಹೆಚ್ಚು ಕರಗಿಸಿಕೊಳ್ತದೆ. ಕುಕ್ಕರಿನಲ್ಲಿ ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡವಾದ್ರೆ ಇದರಲ್ಲಿ ಸುಮಾರು 100 ಕಿಲೋ! ಅದಕ್ಕೇ ಪಾತ್ರೆ ದಪ್ಪ ಉಕ್ಕಿನದು. (ಮನೆಯ ಕುಕ್ಕರಿಗೆ ಅಸಿಟೋನ್, ಹೆಕ್ಸೇನ್ ಹಾಕಿ ನೋಡೋ ಹುಚ್ಚು ಬೇಡ. ಬೆಂಕಿ ಹಿಡೀತದೆ, ಜೀವ ಹೋದೀತು.)

ಮಣ್ಣು ಹಸಿ ಇದ್ರೆ ಹೆಕ್ಸೇನ್ ಒಳಗೆ ಹೋಗೋದಿಲ್ಲ. ಹಾಗಾಗಿ ತೇವ ಹೀರೋ ಪುಡಿ ಬೆರೆಸಿ ತುಂಬ್ತಾರೆ. 5 ನಿಮಿಷ ಬಿಸಿಯಲ್ಲಿಟ್ಟು, ಹೊಸ ದ್ರಾವಕದಿಂದ ತೊಳೆದು, ಕೊನೆಗೆ ನೈಟ್ರೋಜನ್ ಊದಿ ಹೊರಗೆ ತಳ್ತಾರೆ. ಎಲ್ಲಾ ಸೇರಿ 15-20 ನಿಮಿಷ. ದ್ರಾವಕ 15ರಿಂದ 40 ಮಿ.ಲೀ. ಸಾಕು. ಆದ್ರೆ ವಿಷದ ಜೊತೆ ಎಣ್ಣೆ, ಮೇಣ, ಬಣ್ಣವೂ ಬಿಟ್ಟುಕೊಂಡು ಬರ್ತವೆ. ಅದನ್ನೆಲ್ಲ ಶುದ್ಧಿ ಮಾಡಿಯೇ ಎಣಿಸಬೇಕು. ಬಿಸಿಗೆ ಒಡೆಯೋ ರಾಸಾಯನಿಕವಾದ್ರೆ ಶಾಖ ಇಳಿಸಬೇಕು.

ನಮ್ಮ ಕೈಲಿರೋದು ಆ 10 ಗ್ರಾಂ ಮಾತ್ರ. ಇಡೀ ಹೊಲದ ಸಾಕ್ಷಿ ಹೇಳೋದು ಅದೇ. 10-15 ಕಡೆಯ ಮಣ್ಣು ಕೂಡಿಸಿ, ಕಲಸಿ, ಪಾಲು ಮಾಡಿ ತೆಗೀರಿ. ಔಷಧ ಕಲಸಿದ ಬಕೆಟ್ ಮುಟ್ಟಿಸಬೇಡಿ. ಬಿಸಿಲಿಗೆ ಒಣಹಾಕದೆ ಗಾಜಿನ ಬಾಟಲಿಯಲ್ಲಿ ತಂಪಾಗಿ ಕಳಿಸಿ. ಪ್ರಯೋಗಶಾಲೆಯವರಿಗೆ ಒಂದು ಪ್ರಶ್ನೆ ಕೇಳಿ: “ಗೊತ್ತಿದ್ದಷ್ಟು ವಿಷ ಮಣ್ಣಿಗೆ ಸೇರಿಸಿ ತೆಗೆದಾಗ ನಿಮಗೆ ವಾಪಸ್ ಸಿಗೋದು ನೂರಕ್ಕೆ ಎಷ್ಟು?” 70ಕ್ಕಿಂತ ಕಡಿಮೆ ಅಂದ್ರೆ, ವರದಿಯ ‘ಇಲ್ಲ’ವನ್ನು ಪೂರ್ತಿ ನಂಬಬೇಡಿ.