ದುಬೈ ಸಾಮಾನು, ನಮ್ಮ ದೇಶದ ಕಾರ್ಡು

ನಮ್ಮ ಮಾಮ ಮುಳಬಾಗಿಲಿನಿಂದ ದುಬೈಗೆ ಕೆಲಸಕ್ಕೆ ಹೋದರು. ಅಲ್ಲಿನ ಹಣದ ಹೆಸರು ದಿರ್ಹಾಮ್. ಅಲ್ಲಿನ ಗುರುತಿನ ಚೀಟಿ ಬರುವ ತನಕ ಬ್ಯಾಂಕ್ ಖಾತೆ ಆಗಲಿಲ್ಲ. ಅದಕ್ಕೇ ಅಕ್ಕಿ, ಬೇಳೆ, ಹಾಲು ಎಲ್ಲಾ ಇಲ್ಲಿನ ಕ್ರೆಡಿಟ್ ಕಾರ್ಡಿನಲ್ಲೇ ತಂದರು. ಬಿಲ್ಲು ಮನೆಗೆ ಬಂತು. ಲೆಕ್ಕಕ್ಕಿಂತ ಜಾಸ್ತಿ ಇತ್ತು! ಅಜ್ಜಿ ಗಾಬರಿಯಾಗಿ, "ಯಾಕೆ ಹಿಂಗೆ, ನೋಡು" ಅಂತ ನನ್ನ ಕೈಗೆ ಕೊಟ್ಟರು.

ಕ್ರೆಡಿಟ್ ಕಾರ್ಡ್ ಅಂದರೆ ಸಾಲ. ಅಂಗಡಿಗೆ ಬ್ಯಾಂಕು ಹಣ ಕೊಡುತ್ತದೆ, ಆಮೇಲೆ ನಾವು ಬ್ಯಾಂಕಿಗೆ ಕಟ್ಟಬೇಕು. ಬೇರೆ ದೇಶದ ಹಣದಲ್ಲಿ ಕೊಂಡರೆ ಹೆಚ್ಚಿನ ಕಾರ್ಡುಗಳಿಗೆ ಶುಲ್ಕ ಬೀಳುತ್ತದೆ. ಮಾಮನ ಕಾರ್ಡಿಗೆ ಅದು ಶೇಕಡಾ 3.5. ಆ ಶುಲ್ಕದ ಮೇಲೆ ಶೇಕಡಾ 18 ಜಿ.ಎಸ್.ಟಿ.

ಲೆಕ್ಕ ನೋಡಿ:
ಸಾಮಾನು 10,000 ರೂ.
ಶುಲ್ಕ 350 ರೂ.
ಜಿ.ಎಸ್.ಟಿ. 63 ರೂ.
ಒಟ್ಟು 10,413 ರೂ.

ಹೆಚ್ಚಿನ 413 ರೂಪಾಯಿ ಅಂದರೆ ನಾವು ಡೈರಿಗೆ ಸುಮಾರು ಹತ್ತು ಲೀಟರ್ ಹಾಲು ಹಾಕಿದ ದುಡ್ಡು!

ನೆನಪಿಡಿ:
1. ಅಂಗಡಿಯ ಯಂತ್ರ "ರೂಪಾಯಿಯೋ, ದಿರ್ಹಾಮೋ?" ಅಂತ ಕೇಳಿದರೆ ದಿರ್ಹಾಮ್ ಒತ್ತಬೇಕು. ರೂಪಾಯಿ ಒತ್ತಿದರೆ ಸಾಮಾನ್ಯವಾಗಿ ದರ ಇನ್ನೂ ದುಬಾರಿ.
2. ಆ ಕಾರ್ಡಿನಿಂದ ನಗದು ತೆಗೆಯಬಾರದು. ತೆಗೆದ ದಿನದಿಂದಲೇ ಬಡ್ಡಿ.
3. ಬಿಲ್ಲು ಪೂರ್ತಿ, ಗಡುವಿನೊಳಗೆ ಕಟ್ಟಬೇಕು.

ಈಗ ಮಾಮನಿಗೆ ಅಲ್ಲಿನ ಖಾತೆ, ಅಲ್ಲಿನ ಕಾರ್ಡು ಸಿಕ್ಕಿದೆ. ಆ ಶುಲ್ಕ ನಿಂತಿತು. ಶೇಕಡಾ ಲೆಕ್ಕ ಪರೀಕ್ಷೆಗೆ ಮಾತ್ರ ಅಂದುಕೊಂಡಿದ್ದೆ. ಮನೆಗೂ ಬೇಕು!